ತೊಡೆಯ ಗಡ್ಡೆಗೆ ಹೆಸರಿಟ್ಟವರು

ತೊಗರಿ ರಾಶಿ ಮುಗಿಯುವ ಹೊತ್ತಿಗೆ ನನ್ನ ನಾದಿನಿ ಸುವರ್ಣಾಳ ತೊಡೆಯಲ್ಲಿ ಒಂದು ಗಡ್ಡೆ ಎದ್ದಿತು. ಗಡ್ಡೆಗಿಂತ ಬೇಗ ಬೆಳೆದದ್ದು ಅದರ ಸುದ್ದಿ.

ಸುವರ್ಣಾ ಇರುವುದು ಹುಮನಾಬಾದ್ ತಾಲೂಕಿನ ಘಾಟಬೋರಾಳದಲ್ಲಿ. ನಾವು ಬಸವಕಲ್ಯಾಣದವರು. (ಈ ಅಂಕಣದಲ್ಲಿ ನನ್ನ ಪಾತ್ರೆ ಅಂಗಡಿಯ ಕಥೆಗಳನ್ನು ಓದಿ ಓದಿ ನಿಮಗೆ ಸಾಕಾಗಿರಬೇಕು. ಇವತ್ತು ಅಂಗಡಿಗೆ ರಜೆ.) ಗಡ್ಡೆ ಕಾಣಿಸಿಕೊಂಡ ವಾರದಲ್ಲೇ ಮೋರಖಂಡಿಯಿಂದ ನಮ್ಮವರ ಸೋದರತ್ತೆ ಫೋನ್ ಮಾಡಿ, ಕಾಲು ತೆಗೆಯುವ ತಾರೀಖು ಗೊತ್ತಾಯಿತೇ ಎಂದು ಕೇಳಿದರು. ಮದುವೆಯ ತಾರೀಖು ವಿಚಾರಿಸುವ ಧಾಟಿಯಲ್ಲಿ. ಆಗಿನ್ನೂ ಯಾವ ಡಾಕ್ಟರೂ ಆ ಗಡ್ಡೆಯನ್ನು ಮುಟ್ಟಿಯೂ ನೋಡಿರಲಿಲ್ಲ.

ಸುವರ್ಣಾ ಸುಮ್ಮನೆ ಕೂರುವವಳಲ್ಲ. ಎಮ್ಮೆ, ಆಡು, ಒಂದು ಟಗರು, ಹೊಲ, ಅತ್ತೆ, ಗಂಡ ಎಲ್ಲವನ್ನೂ ಸಂಭಾಳಿಸುವ ಹೆಣ್ಣುಮಗಳು. ಅಂಥವಳು ಕುಂಟತೊಡಗಿದಳು. ತೊಡೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಪಕ್ಕದ ಮನೆಯಾಕೆ ಬಂದು ದಿನಾ ಬಿಸಿ ಎಣ್ಣೆ ಹಾಕಿ ತಿಕ್ಕಿದರು. ತಿಕ್ಕಿದಷ್ಟೂ ಅದು ದಪ್ಪವಾಯಿತು.

ಕೊನೆಗೆ ಅವಳ ಗಂಡ ಕಾಶಿನಾಥ್ ಅವಳನ್ನು ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್-ರೇಯಲ್ಲಿ ಮಸುಕು ಮಸುಕಾಗಿ ಏನೋ ಕಂಡಿತು. ಸೂಜಿ ಹಾಕಿ ಗಡ್ಡೆಯ ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂತು. ಎಲುಬಿನ ಕ್ಯಾನ್ಸರ್ ಇರಬಹುದೆಂಬ ಅನುಮಾನವಿದೆ, ರೋಗಿಯ ಹಿನ್ನೆಲೆ ಮತ್ತು ಎಕ್ಸ್-ರೇ ಜೊತೆ ತಾಳೆ ನೋಡಿ, ಬೇರೆ ತಜ್ಞರ ಅಭಿಪ್ರಾಯವನ್ನೂ ಪಡೆಯಿರಿ ಎಂದು ಅದರಲ್ಲಿತ್ತು.

ಅಷ್ಟು ಉದ್ದದ ವಾಕ್ಯದಲ್ಲಿ ನಮ್ಮ ಮನೆಮಂದಿಗೆ ಕಂಡದ್ದು ಎಷ್ಟು ಪದ? ಒಂದೇ ಒಂದು.

ಸುವರ್ಣಾ ಅಳಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಟೆಸ್ಟುಗಳಿಗೆ ಓಡಾಡಲು ಅನುಕೂಲವೆಂದು ನಮ್ಮ ಮನೆಗೆ ಬಂದು ಉಳಿಯುವ ಮೊದಲು, ಉಪ್ಪಿನಕಾಯಿ ಭರಣಿ ಯಾವ ಮೂಲೆಯಲ್ಲಿದೆ, ಕುಕ್ಕರಿನ ರಬ್ಬರ್ ಎಲ್ಲಿದೆ, ಯಾವ ಎಮ್ಮೆ ಯಾರ ಕೈಗೆ ಹಾಲು ಕೊಡುತ್ತದೆ ಎಂದು ಗಂಡನಿಗೆ ಒಂದೊಂದಾಗಿ ತೋರಿಸಿದಳಂತೆ. ಇದನ್ನು ಹೇಳುವಾಗ ಕಾಶಿನಾಥ್ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ಮಾತು ಕಡಿಮೆಯ ಮನುಷ್ಯ. ಆ ದಿನ ಅಷ್ಟು ಹೇಳಿದ್ದೇ ಹೆಚ್ಚು.

ನಮ್ಮ ಪುಣ್ಯಕ್ಕೆ ಆ ಆಸ್ಪತ್ರೆಯ ಎಲುಬಿನ ಡಾಕ್ಟರು ಆತುರದವರಲ್ಲ. ಚಿಕಿತ್ಸೆ ಶುರು ಮಾಡುವ ಮೊದಲು ಬಯಾಪ್ಸಿಯ ಸ್ಲೈಡುಗಳನ್ನು ಎಲುಬು, ಮಾಂಸಖಂಡಗಳ ಗಡ್ಡೆಗಳನ್ನೇ ನೋಡಿ ಪಳಗಿದವರಿಗೆ ತೋರಿಸಲೇಬೇಕು ಎಂದರು. ನಾವು ಹೈದರಾಬಾದೋ, ಮುಂಬೈಯೋ ಎಂದು ಬಸ್ಸು, ರೈಲು ಲೆಕ್ಕ ಹಾಕತೊಡಗಿದೆವು. ಅವರು ಹೇಳಿದ ಊರು ಯಾವುದು ಗೊತ್ತೇ? ಹುಮನಾಬಾದ್.

ಮೆಡಿಕಲ್ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಪಾಠ ಹೇಳಿ ನಿವೃತ್ತರಾದ ಪೆಥಾಲಜಿಸ್ಟ್ ಡಾಕ್ಟರ್ ಶಾಹೀನ್ ಎಂಬ ಹಿರಿಯಾಕೆ ಈಗ ತಮ್ಮ ಹುಟ್ಟೂರಿಗೆ ಮರಳಿ, ಮನೆಯ ಮುಂದಿನ ಕೋಣೆಯಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂತಿದ್ದಾರೆ. ಎಲ್ಲೆಲ್ಲಿಂದಲೋ ಅವರಿಗೆ ಸ್ಲೈಡುಗಳು ಬರುತ್ತವೆ. ನಾವು ಮಾತ್ರ ಅದೇ ರಸ್ತೆಯಲ್ಲಿ ನೂರು ಸಲ ಓಡಾಡಿದರೂ ಅವರ ಮನೆಯ ಬೋರ್ಡು ಓದಿರಲಿಲ್ಲ.

ಸ್ಲೈಡುಗಳನ್ನು ಕೊಟ್ಟುಬರಲು ನಾನು ಒಬ್ಬಳೇ ಹೋದೆ. ಅವರು ತೆಗೆದುಕೊಂಡು, ನಾಳೆ ಪೇಶೆಂಟನ್ನೂ ಎಲ್ಲ ಎಕ್ಸ್-ರೇಗಳನ್ನೂ ಕರೆತನ್ನಿ ಎಂದರು. (ಎಕ್ಸ್-ರೇಗಳನ್ನೂ ‘ಕರೆತನ್ನಿ’ ಎಂದೇ ಅಂದರು. ಅವರಿಗೆ ಅವೂ ಮನುಷ್ಯರೇ.) ಗಾಜಿನ ಪಟ್ಟಿ ನೋಡುವವರಿಗೆ ಮನುಷ್ಯರ ಮುಖ ಯಾಕೆ ಬೇಕು? ದಾರಿಯುದ್ದಕ್ಕೂ ನನಗೆ ಇದೇ ಯೋಚನೆ.

ಮರುದಿನ ನಾನು, ಸುವರ್ಣಾ, ಕಾಶಿನಾಥ್ ಮೂವರೂ ಕಾರಿನಲ್ಲಿ ಹೋದೆವು. ಡಾಕ್ಟರು ಸುವರ್ಣಾಳನ್ನು ಮಂಚದ ಮೇಲೆ ಕೂರಿಸಿ ತೊಡೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಯಾವಾಗ ಶುರುವಾಯಿತು, ಎಷ್ಟು ಬೇಗ ಬೆಳೆಯಿತು, ಈಗ ನೋವು ಹೆಚ್ಚೋ ಕಡಿಮೆಯೋ ಎಂದು ಕೇಳಿದರು. ಎಣ್ಣೆ ತಿಕ್ಕಿದ ಸಂಗತಿ ಬಂದಾಗ ಹುಬ್ಬು ಗಂಟಿಕ್ಕಿದರು. ಆಮೇಲೆ, ಇಲ್ಲಿಗೆ ಏನಾದರೂ ಪೆಟ್ಟು ಬಿದ್ದಿತ್ತೇ ಎಂದರು.

ಇಲ್ಲ ಎಂದಳು ಸುವರ್ಣಾ. ದೊಡ್ಡ ಆಸ್ಪತ್ರೆಯಲ್ಲೂ ಅವಳು ಹೇಳಿದ್ದು ಅದನ್ನೇ.

ಡಾಕ್ಟರು ಒತ್ತಾಯ ಮಾಡಲಿಲ್ಲ. ಕಾಶಿನಾಥರಿಗೆ ಹಳೆಯ ಎಕ್ಸ್-ರೇಯ ಕವರನ್ನು ಕಾರಿನಿಂದ ತರಲು ಹೇಳಿ ಕಳಿಸಿದರು. ಬಾಗಿಲು ಮುಂದೆ ಮಾಡಿ, ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತರು.

“ನೋಡು ತಂಗಿ, ನಾ ನಿನ್ನ ಮಾಂಸದ ತುಣುಕು ನೋಡೇನಿ. ಅದು ಒಂದು ಹೇಳಾಕತ್ತದ, ನೀ ಒಂದು ಹೇಳಾಕತ್ತಿ. ನನಗ ಖರೇ ಬೇಕು. ನಿನ್ನ ಕಾಲಿನ ಮಾತದ ಇದು.”

ಸುವರ್ಣಾ ನನ್ನ ಕಡೆ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಟಗರು ಹಾಯ್ದಿತ್ರಿ,” ಎಂದಳು. “ನಮ್ಮ ಮನಿಯವರ ಮುಂದ ಹೇಳಬ್ಯಾಡ್ರಿ.”

ಆಮೇಲೆ ಎಲ್ಲ ಹೊರಬಂತು. ಆ ಟಗರು ಮರಿಯಿದ್ದಾಗಲೇ ಅದರ ತಾಯಿ ಸತ್ತಿತ್ತು. ಇವಳೇ ಬಾಟಲಿಯಲ್ಲಿ ಎಮ್ಮೆಯ ಹಾಲು ಕುಡಿಸಿ ಸಾಕಿದ್ದಳು. ದೊಡ್ಡದಾದ ಮೇಲೆ ಅದಕ್ಕೆ ಸೊಕ್ಕು ಬಂತು. ಒಮ್ಮೆ ಅತ್ತೆಯನ್ನು ಅಂಗಳದಲ್ಲಿ ಕೆಡವಿತು. ಇನ್ನೊಂದು ಸಲ ಯಾರಿಗಾದರೂ ಹಾಯ್ದರೆ ಕಟುಕರಿಗೆ ಕೊಡುವುದೇ ಎಂದು ಕಾಶಿನಾಥ್ ಖಡಾಖಂಡಿತವಾಗಿ ಹೇಳಿದ್ದರು. ಇನ್ನೊಂದು ಸಲ ಹಾಯ್ದದ್ದು ಇವಳಿಗೇ. ಮೇವು ಹಾಕಲು ಬಾಗಿದಾಗ ತೊಡೆಗೆ ಬಲವಾದ ಗುದ್ದು. ಇವಳು ಹಲ್ಲು ಕಚ್ಚಿ ಸುಮ್ಮನಾದಳು. ಮೈ ನೀಲಿಗಟ್ಟಿದ್ದು ಸೀರೆಯ ಒಳಗೇ ಇಳಿದುಹೋಯಿತು. ಕ್ಯಾನ್ಸರ್ ಎಂದು ಕೇಳಿದ ಮೇಲೂ ಬಾಯಿ ಬಿಡಲಿಲ್ಲ. ಟಗರಿಗೂ ಕ್ಯಾನ್ಸರಿಗೂ ಏನು ಸಂಬಂಧ, ನಾನಂತೂ ಹೋಗುವವಳು, ಅದಾದರೂ ಬದುಕಲಿ ಎಂದುಕೊಂಡಳಂತೆ.

ನನಗೆ ಅವಳನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಡಾಕ್ಟರು ಎರಡನ್ನೂ ಮಾಡದೆ ಎದ್ದು ಮೈಕ್ರೋಸ್ಕೋಪಿನ ಬಳಿ ಹೋಗಿ ನನ್ನನ್ನು ಕರೆದರು.

ಅದಕ್ಕೆ ಎದುರುಬದುರು ಇಬ್ಬರು ನೋಡುವ ಸೌಲಭ್ಯವಿತ್ತು. ಕಣ್ಣಿಟ್ಟೆ. ಗುಲಾಬಿ, ನೇರಳೆ ಬಣ್ಣದ ಚುಕ್ಕೆಗಳು ನಮ್ಮ ವಾರದ ಸಂತೆಯ ಹಾಗೆ ಕಿಕ್ಕಿರಿದಿದ್ದವು. ಒಂದರ ಮೇಲೊಂದು, ಗೊತ್ತು ಗುರಿ ಇಲ್ಲದೆ. ಇದು ಗಡ್ಡೆಯ ನಡುಭಾಗ, ಇದೊಂದನ್ನೇ ನೋಡಿದರೆ ನಾನೂ ಹೆದರುತ್ತೇನೆ, ಮೊದಲು ನೋಡಿದವರು ಅನುಮಾನ ಬರೆದದ್ದು ಸರಿಯಾಗಿಯೇ ಇದೆ ಎಂದರು ಡಾಕ್ಟರು. ಸ್ಲೈಡನ್ನು ಸ್ವಲ್ಪ ಸರಿಸಿದರು. ಗದ್ದಲ ಕಡಿಮೆಯಾಯಿತು. ಚುಕ್ಕೆಗಳ ನಡುವೆ ಗುಲಾಬಿ ಎಳೆಗಳು ಕಂಡವು. ಇನ್ನೂ ಸರಿಸಿದರು. ಸೂಜಿಗೆ ಅಂಚಿನ ಚೂರೊಂದು ಸಿಕ್ಕಿತ್ತು. ಅಲ್ಲಿ ಚುಕ್ಕೆಗಳು ಸಾಲಾಗಿ ನಿಂತಿದ್ದವು. ಅದು ಬಲಿತ ಎಲುಬು ಎಂದರು.

ಇಷ್ಟೇ ಗುಟ್ಟು. ಕೆಟ್ಟ ಗಡ್ಡೆಯಾದರೆ ಅಂಚಿನಲ್ಲೇ ಗದ್ದಲ ಹೆಚ್ಚು, ಅಲ್ಲಿಂದಲೇ ಅದು ಪಕ್ಕದ ಮಾಂಸಕ್ಕೆ ನುಗ್ಗುತ್ತದೆ. ಇಲ್ಲಿ ಉಲ್ಟಾ. ಪೆಟ್ಟು ತಿಂದ ಮಾಂಸಖಂಡ ವಾಸಿಯಾಗುವ ಭರದಲ್ಲಿ ಎಲುಬನ್ನೇ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಬರುತ್ತದೆ. ತಿಕ್ಕಿದರೆ ಕೆರಳುತ್ತದೆ, ಬಿಟ್ಟರೆ ತಾನಾಗಿ ತಣ್ಣಗಾಗುತ್ತದೆ. ನೋಡಲು ಕ್ಯಾನ್ಸರಿನ ಅಣ್ಣತಮ್ಮನ ಹಾಗೆ, ಆದರೆ ಅದರ ಮನೆತನದ್ದಲ್ಲ.

ಹಾಗಾದರೆ ಟಗರಿನ ಮಾತು ಸಿಕ್ಕ ಮೇಲೆ ಮುಗಿಯಿತಲ್ಲ ಎಂದೆ. ಅವರು ಅಡ್ಡಡ್ಡ ತಲೆ ಆಡಿಸಿದರು.

“ಹಂಗ ಬರೆಯಾಕ ಬರಾಂಗಿಲ್ರಿ. ಖರೇ ಕ್ಯಾನ್ಸರ್ ಇದ್ದವ್ರೂ ಬಿದ್ದಿದ್ದೆ, ಬಡದಿತ್ತು ಅಂತಾರ. ಬಡಿಸ್ಕೊಳ್ಳದವ್ರು ಯಾರದಾರ? ಪೇಶೆಂಟ್ ಹೇಳೋದು, ಫಿಲ್ಮ್ ಹೇಳೋದು, ಗ್ಲಾಸ್ ಹೇಳೋದು ಮೂರೂ ಒಂದಾಗಬೇಕು. ಒಂದು ಒಲ್ಲೆ ಅಂದ್ರೂ ನಾ ಸಹಿ ಹಾಕಾಂಗಿಲ್ಲ.”

ಅವರ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕವಿತ್ತು. ಮನುಷ್ಯನ ಮಾಂಸ, ಎಲುಬುಗಳಲ್ಲಿ ಏಳುವ ಗಡ್ಡೆಗಳ ಹೆಸರು, ಕುಲ, ಗೋತ್ರ ಎಲ್ಲ ಅದರಲ್ಲಿ. ಕೆಲವು ಗಡ್ಡೆಗಳನ್ನು ಒಬ್ಬ ಡಾಕ್ಟರು ಇಡೀ ಆಯುಷ್ಯದಲ್ಲಿ ಒಮ್ಮೆ ನೋಡಿದರೆ ಹೆಚ್ಚಂತೆ. ಕೆಲವು ಗಡ್ಡೆಯ ವೇಷ ಹಾಕಿಕೊಂಡ ಬೇರೆ ಏನೋ. ಹಿಂದೆ ಕ್ಯಾನ್ಸರ್ ಎಂದುಕೊಂಡಿದ್ದ ಕೆಲವು ಈಗ ಆ ಪಟ್ಟಿಯಲ್ಲಿಲ್ಲ, ಹೀಗಾಗಿ ಪುಸ್ತಕವನ್ನು ಆಗಾಗ ತಿದ್ದಿ ಹೊಸದಾಗಿ ತರುತ್ತಾರಂತೆ. ಇಷ್ಟೆಲ್ಲ ಓದಿ ಬರೆದವರು ಒಂದು ಹೆಸರಿಡಲು ಮೂರು ಸಾಕ್ಷಿ ಕೇಳುತ್ತಾರೆ. ನಾವು? ಒಂದು ಫೋನ್ ಕಾಲಿನಲ್ಲಿ ಹೆಸರಿಟ್ಟು, ನಾಲ್ಕು ಊರಿಗೆ ಹಂಚಿ, ಊಟ ಮಾಡಿ ಮಲಗುತ್ತೇವೆ. ಗಡ್ಡೆಗೂ ಅಷ್ಟೇ, ಮನುಷ್ಯರಿಗೂ ಅಷ್ಟೇ.

ಕಾಶಿನಾಥ್ ಕವರು ಹಿಡಿದು ಒಳಬಂದ ಮೇಲೆ, ಅದೇ ದಿನ ಸಿಟಿ ಸ್ಕ್ಯಾನ್ ಮಾಡಿಸಲು ಡಾಕ್ಟರು ಹೇಳಿದರು. ಮಾಡಿಸಿದೆವು. ಸಂಜೆ ಅದನ್ನು ಬೆಳಕಿಗೆ ಹಿಡಿದು ಡಾಕ್ಟರು ಬಹಳ ಹೊತ್ತು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಾಶಿನಾಥ್ ನೆಲ ನೋಡುತ್ತಿದ್ದರು. ಗಡ್ಡೆಯ ಸುತ್ತ ತೆಳ್ಳನೆಯ ಬಿಳಿ ಉಂಗುರ ಮೂಡಿತ್ತು. ತೊಡೆಯ ಎಲುಬು ಅದರಿಂದ ದೂರ, ತನ್ನ ಪಾಡಿಗೆ ತಾನು ನೆಟ್ಟಗಿತ್ತು.

“ಕ್ಯಾನ್ಸರ್ ಅಲ್ಲ,” ಎಂದರು. ಅಷ್ಟೇ. ದನಿ ಕೂಡ ಏರಿಸಲಿಲ್ಲ.

ಸುವರ್ಣಾ ಆಗ ಅತ್ತಳು. ಇಷ್ಟು ದಿನದ್ದೆಲ್ಲ ಸೇರಿಸಿ. ಡಾಕ್ಟರು ನೀರಿನ ಲೋಟ ಕೈಗೆ ಕೊಟ್ಟು, ಎಲುಬಿನ ಡಾಕ್ಟರಿಗೆ ಫೋನ್ ಮಾಡಿದರು. ಕಾಲಿಗೆ ವಿಶ್ರಾಂತಿ, ಎಣ್ಣೆ ತಿಕ್ಕುವುದು ಬಂದ್, ಕೆಲವು ವಾರ ಬಿಟ್ಟು ಮತ್ತೆ ಎಕ್ಸ್-ರೇ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಟಗರಿನ ಮಾತನ್ನು ಕಾಶಿನಾಥರ ಮುಂದೆ ಡಾಕ್ಟರು ಎತ್ತಲಿಲ್ಲ. ಪೆಟ್ಟಿನಿಂದ ಆದದ್ದು ಎಂದಷ್ಟೇ ಹೇಳಿದರು. ಯಾವ ಪೆಟ್ಟು ಎಂದು ಕಾಶಿನಾಥರೂ ಅಲ್ಲಿ ಕೇಳಲಿಲ್ಲ.

ಬಸವಕಲ್ಯಾಣಕ್ಕೆ ಮರಳುವಾಗ ರಾಜೇಶ್ವರದಲ್ಲಿ ಕಾರು ನಿಲ್ಲಿಸಿ ಚಹಾ, ಮಿರ್ಚಿ ಭಜಿ ತರಿಸಿದೆವು. ಎಷ್ಟೋ ದಿನಗಳ ನಂತರ ಸುವರ್ಣಾ ಬಾಯಿರುಚಿಯಿಂದ ತಿಂದಳು. ಎರಡನೇ ಪ್ಲೇಟು ಬಂದಾಗ ಅವಳೇ ಗಂಡನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ. (ಕಿವಿ ಮಾತ್ರ ಒಳಗೇ ಇತ್ತು.)

ಕಾಶಿನಾಥ್ ಚಹಾದ ಗ್ಲಾಸನ್ನು ಕೆಳಗಿಟ್ಟರು.

“ಕಾಲು ಹೋಗಾಕತ್ತಿತ್ತು ನಿಂದು. ನೀ ಟಗರಿನ ಚಿಂತಿ ಮಾಡಾಕತ್ತಿದ್ದಿ?”

ಅವರಿಗೆ ಸಿಟ್ಟು ಬಂದಿತ್ತು, ಕಣ್ಣೂ ತುಂಬಿತ್ತು. ಸ್ವಲ್ಪ ಹೊತ್ತು ರಸ್ತೆಯ ಲಾರಿಗಳನ್ನು ನೋಡಿದರು. ಆಮೇಲೆ, ಇನ್ನು ಮುಂದೆ ಅದರ ಮೇವು ನೀರು ತನ್ನದೇ, ಅವಳು ಅದರ ಹತ್ತಿರ ಹೋಗಕೂಡದು ಎಂದರು. ಮಾರುವ ಮಾತು ಆಡಲಿಲ್ಲ. ಸುವರ್ಣಾ ತನ್ನ ಪ್ಲೇಟಿನ ಕೊನೆಯ ಭಜಿಯನ್ನು ಅವರ ಕಡೆ ಸರಿಸಿದಳು.

ಯುಗಾದಿ ಮುಗಿದ ಮೇಲೆ ಹೊಸ ಎಕ್ಸ್-ರೇ ತೆಗೆಸಿದೆವು. ಉಂಗುರ ಮೊಟ್ಟೆಯ ಸಿಪ್ಪೆಯ ಹಾಗೆ ಸ್ಪಷ್ಟವಾಗಿತ್ತು. ಗಡ್ಡೆ ಕುಗ್ಗಿತ್ತು. ನೋವು ಹೋಗಿತ್ತು. ಸುವರ್ಣಾ ಈಗ ಕುಂಟದೆ ಹೊಲದ ತನಕ ನಡೆಯುತ್ತಾಳೆ. ಮೋರಖಂಡಿಯ ಅತ್ತೆಗೆ ಈ ಸುದ್ದಿಯನ್ನು ನಾನೇ ಫೋನ್ ಮಾಡಿ ತಿಳಿಸಿದೆ. ಇದು ಮಾತ್ರ ಯಾಕೋ ಬೇಗ ಹರಡಲಿಲ್ಲ.

ಹೋಳಿಗೆ ಕಟ್ಟಿಕೊಂಡು, ಹೊಸ ಎಕ್ಸ್-ರೇಯನ್ನೂ ಹಿಡಿದುಕೊಂಡು ಹುಮನಾಬಾದಿಗೆ ಹೋದೆ. ಡಾಕ್ಟರ್ ಶಾಹೀನ್ ಡಬ್ಬಿಯನ್ನು ಪಕ್ಕಕ್ಕಿಟ್ಟು ಮೊದಲು ಎಕ್ಸ್-ರೇ ಕೇಳಿದರು. ಬೆಳಕಿಗೆ ಹಿಡಿದರು. ಮೊಮ್ಮಗಳ ಫೋಟೋ ನೋಡುವ ಅಜ್ಜಿಯ ಮುಖವಾಯಿತು ಅವರದು. ಎಲ್ಲರೂ ಆಪರೇಷನ್ ಮಾಡಿದ ಡಾಕ್ಟರಿಗೆ ಹಾರ ಹಾಕುತ್ತಾರೆ, ಆಪರೇಷನ್ ಬೇಡ ಎಂದು ಬರೆದವರ ಮನೆ ಹುಡುಕಿಕೊಂಡು ಬಂದವರು ಕಡಿಮೆ ಎಂದು ನಕ್ಕರು. ದೂರಿನ ದನಿಯಲ್ಲ. ಸುಮ್ಮನೆ ಹೇಳಿದರು, ಹೋಳಿಗೆ ಮುರಿದರು.

ಮನೆಗೆ ಬಂದವಳೇ ಕಪಾಟಿನಲ್ಲಿದ್ದ ಹಳೆಯ ಲ್ಯಾಬ್ ರಿಪೋರ್ಟುಗಳನ್ನೆಲ್ಲ ತೆಗೆದು ಕೂತೆ. ನಮ್ಮವರದು, ಮಕ್ಕಳದು, ನನ್ನದು. ಪ್ರತಿಯೊಂದರ ಕೆಳಗೂ ಒಂದು ಸಹಿ, ಒಂದು ಹೆಸರು. ಒಬ್ಬರ ಮುಖವನ್ನೂ ನಾನು ಕಂಡಿರಲಿಲ್ಲ.

ನಿಮ್ಮ ರಿಪೋರ್ಟಿಗೆ ಸಹಿ ಹಾಕಿದವರ ಹೆಸರೇನು, ಹೇಳಬಲ್ಲಿರಾ?