ತೂಕಕ್ಕೆ ಸಿಗದ ಹುಡಿ

ಮಧ್ಯಾಹ್ನದ ಹೊತ್ತಿಗೆ ನಮ್ಮ ಮಾವನವರ ಹುಬ್ಬು ಬೆಳ್ಳಗಾಗಿರುತ್ತಿತ್ತು. ಮೀಸೆ, ಕಣ್ಣಿನ ರೆಪ್ಪೆ, ಕಿವಿಯೊಳಗಿನ ಕೂದಲು ಎಲ್ಲವೂ ಬೆಳ್ಳಗೆ. ಸಂಜೆ ಬಚ್ಚಲಿಗೆ ಹೋಗಿ ನಾಲ್ಕು ತಂಬಿಗೆ ನೀರು ಸುರಿದುಕೊಂಡರೆ ಹುಬ್ಬು ಮತ್ತೆ ಕಾಡಿಗೆ ತೀಡಿದ ಹಾಗೆ ಕಪ್ಪು. ನಾನು ಸೊಸೆಯಾಗಿ ಶಿರಸಿಗೆ ಬಂದ ಮೊದಲ ದಿನ ಅವರನ್ನು ಕಂಡಾಗ, ವಿಭೂತಿ ಹಚ್ಚುವಾಗ ಕೈತಪ್ಪಿ ಹುಬ್ಬಿಗೂ ಇಳಿದಿರಬೇಕು ಎಂದುಕೊಂಡೆ. ಆದರೆ ಬಚ್ಚಲಿಗೆ ಹೋದದ್ದು ಒಬ್ಬ ಮುದುಕ, ಹೊರಗೆ ಬಂದದ್ದು ನಡುವಯಸ್ಸಿನ ಗಂಡಸು. ಬೆಚ್ಚಿಬಿದ್ದು ಸೆರಗು ಎಳೆದುಕೊಂಡು ಒಳಗೆ ಓಡಿ, "ಹಿತ್ತಲಾಗ ಯಾರೋ ಅದಾರ್ರಿ" ಎಂದು ಗಂಡನಿಗೆ ಹೇಳಿದೆ. ಅವರು ಇಣುಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿ ನನ್ನ ಮಾನ ಕಳೆದರು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು ಅದು. ಮಾವನವರು ರಸ್ತೆ ಇಲಾಖೆಯಲ್ಲಿ ಕಲ್ಲಿನ ಪರೀಕ್ಷೆ ಮಾಡುತ್ತಿದ್ದರು. ಊರಾಚೆ, ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ ಅವರ ಪ್ರಯೋಗಾಲಯ. ಊರಿನವರ ಬಾಯಲ್ಲಿ ಅದು ಕಲ್ಲು ಕುಟ್ಟುವ ಆಫೀಸು. ಮಾವನವರಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ಕುಟ್ಟಿದ್ರ ಯಾವ ಕಲ್ಲಾದ್ರೂ ಒಡೀತೈತಿ. ನಾವು ಸವಸಿ ನೋಡತೀವಿ" ಅನ್ನುತ್ತಿದ್ದರು.

ಸವೆಸುವ ಯಂತ್ರ ಅಂದರೆ ಮಲಗಿಸಿದ ಒಂದು ದೊಡ್ಡ ಕಬ್ಬಿಣದ ಪೀಪಾಯಿ. ರಸ್ತೆಗೆ ಹಾಕುವ ಖಡಿಯನ್ನು ತೊಳೆದು, ಒಲೆಪೆಟ್ಟಿಗೆಯಲ್ಲಿ ಒಣಗಿಸಿ, ತೂಗಿ, ಕಬ್ಬಿಣದ ಗುಂಡುಗಳ ಜೊತೆ ಅದರೊಳಗೆ ಹಾಕಿ ಮುಚ್ಚುವುದು. ಎಣ್ಣೆ ಎಂಜಿನ್ ಹಚ್ಚಿದರೆ ಪೀಪಾಯಿ ತಿರುಗುತ್ತದೆ. ಆ ಸದ್ದಿಗೆ ಎದುರಿನ ಚಹದಂಗಡಿಯ ಕಪ್ಪು-ಬಸಿಗಳು ಅಲುಗುತ್ತಿದ್ದವು. ಆಮೇಲೆ ಜರಡಿ ಹಿಡಿದು, ಉಳಿದ ಕಲ್ಲನ್ನು ಮತ್ತೆ ತೂಗುವುದು. ಹೆಚ್ಚು ಹುಡಿಯಾದ ಕಲ್ಲು ರಸ್ತೆಗೆ ಬೇಡ. ಚಕ್ಕಡಿ ಗಾಲಿಗೆ, ಲಾರಿ ಗಾಲಿಗೆ ಅದು ಒಂದೇ ಮಳೆಗಾಲದಲ್ಲಿ ಕೆಸರಾಗುತ್ತದೆ.

ಬೇರೆಯವರು ಉಳಿದ ಕಲ್ಲನ್ನಷ್ಟೇ ತೂಗಿ ಬಿಡುತ್ತಿದ್ದರಂತೆ. ನಮ್ಮ ಮಾವನವರು ಹುಡಿಯನ್ನೂ ತೂಗುತ್ತಿದ್ದರು. ಕಲ್ಲು, ಹುಡಿ ಎರಡೂ ಸೇರಿದರೆ ಮೊದಲಿನ ತೂಕ ಬರಬೇಕು ಎನ್ನುವುದು ಅವರ ಹಟ. ಗಾಳಿಗೆ ಹುಡಿ ಹಾರಿಹೋಗಬಾರದೆಂದು ಕೋಣೆಯ ಕಿಟಕಿಗಳಿಗೆಲ್ಲ ಅಗಳಿ ಹಾಕಿಸಿದ್ದರು. ಗಂಡನಿಗೆ ಯಲ್ಲಾಪುರದಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಪಾಲಿಗೆ ಬಂತು. ಒಂದು ದಿನ ಒಳಗೆ ಕಾಲಿಟ್ಟರೆ ಉಸಿರು ಕಟ್ಟಿತು. ಬುತ್ತಿ ಕೆಳಗಿಟ್ಟು ಕಿಟಕಿ ತೆಗೆದೆ. ಮಾವನವರು ಹಾವು ಕಂಡವರಂತೆ ಹಾರಿ ಬಂದು ಅದನ್ನು ಮುಚ್ಚಿದರು.

"ಅವ್ವಾ, ನನ್ನ ಮುಂಜಾನಿಯಿಂದ ಮಾಡಿದ ಕೆಲಸ ಹೊರಗ ಹೋತು."

"ಕಿಟಕಿ ಮುಚ್ಚಿದ ದಿನ ತೂಕ ಸರಿ ಬರತೈತೇನ್ರಿ ಮಾವಾರ?"

ಅವರು ತಕ್ಕಡಿಯ ಕಡೆ ನೋಡಿ ಮುಖ ಸಣ್ಣದು ಮಾಡಿದರು. "ಇಲ್ಲವ್ವಾ. ಆಗಲೂ ಸ್ವಲ್ಪ ಕಡಿಮಿ ಬೀಳತೈತಿ. ಎಲ್ಲಿ ಹೋಗತೈತೋ ಶಿವನ ಬಲ್ಲ. ನನ್ನ ತಕ್ಕಡಿನ ತಪ್ಪೋ ಏನೋ."

ಆ ಸ್ವಲ್ಪ ಅವರಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನಂತಾಗಿತ್ತು. ಊಟಕ್ಕೆ ಕುಳಿತರೂ ಅದೇ ಮಾತು.

ಮನೆಯಲ್ಲಿ ಕೂಡ ಅವರ ಕಣ್ಣು ಸವೆತದ ಮೇಲೇ. ಚಪ್ಪಲಿ ತಿರುಗಿಸಿ ಹಿಮ್ಮಡಿ ನೋಡಿ, "ಇವ ಎಡಗಾಲು ಎಳೀತಾನ" ಎಂದು ಬಂದ ನೆಂಟನ ನಡಿಗೆ ಹೇಳುತ್ತಿದ್ದರು. ಹೊಸಿಲು, ಮೆಟ್ಟಿಲು, ಲಟ್ಟಣಿಗೆ ಯಾವುದನ್ನೂ ಹೆಬ್ಬೆರಳಿನಿಂದ ಸವರದೆ ಬಿಟ್ಟವರಲ್ಲ. ಒಂದು ಯುಗಾದಿಯ ಮುಂದೆ ನಮ್ಮ ಬೀಸುಕಲ್ಲನ್ನು ತಕ್ಕಡಿಗೆ ಏರಿಸಿದರು. ಹಿಂದಿನ ಯುಗಾದಿಗೂ ತೂಗಿಟ್ಟಿದ್ದರಂತೆ. ನೋಡಿ, ಲೆಕ್ಕ ಹಾಕಿ, ಹವಾಮಾನ ಹೇಳುವವರ ದನಿಯಲ್ಲಿ ಹೇಳಿದರು: "ಒಂದು ಬೊಗಸಿ ಕಲ್ಲು ಕಡಿಮಿ ಆಗೇತಿ. ವರ್ಷದಾಗ ಅಷ್ಟನ್ನ ನಾವು ಮೂವರು ತಿಂದೀವಿ."

ನಾನು ದಂಗಾದೆ. ಎದುರಿಗಿದ್ದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದೆ. ಅವರು ಮಾತ್ರ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ತಿಂದರು.

ನನ್ನ ತವರು ದಾಸನಕೊಪ್ಪದಿಂದ ಒಳಗೆ, ಬನವಾಸಿ ಕಡೆಗೆ ಇರುವ ಸಣ್ಣ ಊರು. ಬೇಸಿಗೆಯಲ್ಲಿ ಚಕ್ಕಡಿ ಹೋಗುವಷ್ಟು ದಾರಿ ಇತ್ತು. ಮಳೆಗಾಲದಲ್ಲಿ ಅದೂ ಇಲ್ಲ. ನನ್ನ ಮದುವೆಯಾದ ಮರುವರ್ಷ, ಅಣ್ಣನ ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದಾಗ ಚಕ್ಕಡಿ ಕಟ್ಟಿಕೊಂಡು ಶಿರಸಿಗೆ ಹೊರಟರು. ಹಳ್ಳದ ಇಳಿಜಾರಿನಲ್ಲಿ ಗಾಲಿ ಅಚ್ಚಿನ ತನಕ ಹೂತಿತು. ಎತ್ತು ಬಿಚ್ಚಿ, ಜನ ಕರೆತಂದು, ಗಾಲಿ ಎತ್ತುವ ಹೊತ್ತಿಗೆ ತಾಯಿಯೂ ಇಲ್ಲ, ಮಗುವೂ ಇಲ್ಲ. ನಮ್ಮವ್ವ ಆಮೇಲೆ ಆ ದಾರಿಯಲ್ಲಿ ಚಕ್ಕಡಿ ಹತ್ತುತ್ತಿರಲಿಲ್ಲ, ನಡೆದೇ ಬರುತ್ತಿದ್ದಳು.

ಅಂಥ ಊರಿಗೆ ಖಡಿ ರಸ್ತೆಯ ಮಾತು ಬಂತು. ಆದರೆ ಒಂದು ಷರತ್ತು. ದೂರದಿಂದ ಕಲ್ಲು ಹೇರಿಸುವುದು ಆಗದು. ಊರಿನ ಸುತ್ತಲಿನ ಕಲ್ಲು ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ರಸ್ತೆ. ಪರೀಕ್ಷೆ ಮಾಡುವವರು ನಮ್ಮ ಬೀಗರೇ ಎಂದು ಗೊತ್ತಾದಾಗ ಊರಿಗೆ ಊರೇ ರಸ್ತೆ ಬಂದೇಬಿಟ್ಟಿತು ಎಂದುಕೊಂಡಿತು. ಅಣ್ಣ ಕಲ್ಲಿನ ಚೀಲ ತಂದು ಇಳಿಸಿ ಹೋದ.

ಎರಡು ದಿನ ಬಿಟ್ಟು ಮಾವನವರು ಬಚ್ಚಲಿಗೂ ಹೋಗದೆ, ಬಿಳಿ ಹುಬ್ಬಿನಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದರು. "ನಿಮ್ಮೂರ ಕಲ್ಲು ಭಾರೀ ಕಲ್ಲವ್ವಾ. ಇಷ್ಟು ವರ್ಷದಾಗ ಇಂಥಾದ್ದು ನೋಡಿಲ್ಲ. ಉಳದದ್ದನ್ನ ನಾಳಿ ಹಾಕಿ ಇನ್ನೊಮ್ಮಿ ನೋಡತೀನಿ." ಒಂದು ಸಲ ಕಂಡದ್ದನ್ನು ಅವರು ನಂಬುವವರಲ್ಲ. ನಾನಂತೂ ಆ ಸಂಜೆಯೇ ಅತ್ತಿಗೆಯನ್ನು ನೆನೆದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಮರುದಿನ ಬುತ್ತಿ ಹಿಡಿದು ಕೋಣೆಯ ಹತ್ತಿರ ಬಂದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ. ಯಾರೋ ಒಳಗೆ ಖಾರ ಅರೆಯುತ್ತಿದ್ದಾರೇನೋ ಎನ್ನುವಷ್ಟು ದಟ್ಟವಾಗಿತ್ತು. ಹೆಗಡೆಕಟ್ಟಾ ಕಡೆಯ ಜವಾನ ಒಲೆಪೆಟ್ಟಿಗೆಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದ. "ಎಂತದು ಅಂತ ಗೊತ್ತಾಗ್ತಿಲ್ಲೆ ಅಕ್ಕಾ. ಕಲ್ಲು ಕಾದಹಾಂಗೂ ವಾಸನೆ ಹೆಚ್ಚಾಗ್ತಾ ಇದ್ದು" ಎಂದ.

ಮಾವನವರು ಇಕ್ಕಳದಿಂದ ಒಂದು ಚೂರು ಹೊರಗೆ ತೆಗೆದು ನನ್ನ ಮುಂದೆ ಹಿಡಿದರು. ಹಿಂದಿನ ದಿನ ಹಾಕಿದ್ದೆಲ್ಲ ಹೊರಮೈಯ ಚೂರುಗಳಂತೆ, ಇದು ಚೀಲದ ತಳದ್ದು. ಮೂರು ಬದಿ ಒಡೆದ ಒರಟು ಕಲ್ಲು. ಒಂದು ಬದಿ ಮಾತ್ರ ಒಳಗೆ ಬಾಗಿ, ಎಣ್ಣೆ ಹಚ್ಚಿದಂತೆ ನುಣ್ಣಗೆ ಹೊಳೆಯುತ್ತಿತ್ತು. ಅದು ನಮ್ಮವ್ವನ ಒಳಕಲ್ಲು. ಆ ಬಾಗನ್ನು ನನ್ನ ಅಂಗೈ ಕತ್ತಲಲ್ಲೂ ಗುರುತು ಹಿಡಿಯುತ್ತಿತ್ತು; ಗುಂಡು ತಿರುಗಿಸಲು ಕಲಿತದ್ದೇ ಅದರಲ್ಲಿ. ನಿನ್ನೆ ಪೀಪಾಯಿಯಲ್ಲಿ ಹುಡಿಯಾಗಿ, ಮಾವನವರ ಹುಬ್ಬಿನ ಮೇಲೆ ಕೂತು ಮನೆಗೆ ಬಂದದ್ದೂ ಅದೇ.

"ಈ ಒಳಕಲ್ಲು ಎಲ್ಲೀದವ್ವಾ?" ಮಾವನವರು ಕೇಳಿದರು.

"ನಮ್ಮಜ್ಜಿ ಹಾನಗಲ್ಲ ಕಡಿಂದ ಮದಿವ್ಯಾಗಿ ಬಂದಾಗ ಚಕ್ಕಡ್ಯಾಗ ತಂದದ್ದರಿ."

ಹೇಳಿದ ಮೇಲೆಯೇ ನಾನು ಹೇಳಿದ್ದೇನೆಂದು ನನಗೆ ತಿಳಿದದ್ದು: ಗೆದ್ದ ಕಲ್ಲು ನಮ್ಮೂರಿನದೇ ಅಲ್ಲ. ಅವರು ಚೂರನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಸಿದರು.

"ನಿಮಗ ತಿಳದದ್ದು ನಿಮ್ಮಲ್ಲೇ ಇರಲಿ ಮಾವಾರ," ಎಂದೆ. "ಅಷ್ಟ ಬೇಡಿಕೋತೀನಿ."

"ನನ್ನಲ್ಲೇ ಇಟಗೋಬಹುದು. ಆದ್ರ ಮಳಿಗಾಲದಾಗ ಆ ರಸ್ತಿ ಮ್ಯಾಲೆ ಬಸುರಿ ಹೆಣ್ಣಮಕ್ಕಳನ್ನ ಕೂರಿಸಿಕೊಂಡು ಚಕ್ಕಡಿ ಬರತಾವಲ್ಲ, ಗಾಲಿಗೆ ಏನು ಹೇಳಲಿ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಳಕಲ್ಲೂ ಹೋಯಿತು, ರಸ್ತೆಯೂ ಹೋಯಿತು, ಇವರಿಗೆ ತಮ್ಮ ಪೀಪಾಯಿಯದೇ ಚಿಂತೆ ಎಂದುಕೊಂಡು ಬುತ್ತಿ ಅಲ್ಲೇ ಬಿಟ್ಟು ಬಂದೆ. ಒಂದು ವಾರ ಅವರಿಗೆ ಬಡಿಸಿದೆನೇ ಹೊರತು ಮಾತಾಡಲಿಲ್ಲ.

ಸಂತೆಯ ದಿನ ಅವ್ವ ಬಂದಳು. ರಸ್ತೆ ಮಂಜೂರಾದ ಸುದ್ದಿ ಕೇಳಲೆಂದೇ ನಡೆದು ಬಂದಿದ್ದಳು. ಮಾವನವರು ಅವಳೆದುರು ನಿಂತು ಕೇಳಿದರು, "ಹಿಂಗ್ಯಾಕ ಮಾಡಿದ್ರಿ ಬೀಗರ?"

ಅವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬೀಗರ ಮನಿಗೆ ಏನು ಕಳಸಿದ್ರೂ ಮನ್ಯಾಗಿನ ಒಳ್ಳೇದನ್ನ ಕಳಸೂದಲ್ಲೇನ್ರಿ? ಅಕ್ಕಿ ಕಳಸಿದ್ರ ಆರಿಸಿ ಕಳಸತೀವಿ, ಬೆಲ್ಲ ಕಳಸಿದ್ರ ನೋಡಿ ಕಳಸತೀವಿ. ಗುಡ್ಡದ ಕೆಂಪು ಕಲ್ಲು ನಿಮ್ಮ ಮುಂದ ಇಡಾಕ ನನಗ ಮನಸ್ಸಾಗಲಿಲ್ಲ. ನಮ್ಮನ್ಯಾಗ ಗಟ್ಟಿ ಕಲ್ಲು ಅಂದ್ರ ಅದೊಂದ. ನಾನ ನಿಂತು ಒಡಸಿದೆ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಯಾಕ್ರಿ, ಗಟ್ಟಿ ಬರಲಿಲ್ಲೇನು?" ಎಂದಳು.

ಮಾವನವರು ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬಂತ್ರಿ ತಾಯಿ. ನಿಮ್ಮ ಒಳಕಲ್ಲಿನಷ್ಟು ಗಟ್ಟಿ ಕಲ್ಲು ನನ್ನ ಕೈಗೆ ಬಂದಿಲ್ಲ. ಆದ್ರ ರಸ್ತಿ ತುಂಬ ಹಾಸಾಕ ಅದು ಸಾಲಬೇಕಲ್ಲ."

ಮುಂದಿನದನ್ನು ಅವರು ಯಾರಿಗೂ ಹೇಳದೆ ಮಾಡಿದರು. ರಜೆಯ ದಿನ ಬಂತೆಂದರೆ ಸುತ್ತಿಗೆ, ಗೋಣಿಚೀಲ ಹಿಡಿದು ನನ್ನ ತವರಿನ ಕಡೆ ಹೊರಡುವುದು. ಗುಡ್ಡ, ಹಳ್ಳ, ಹೊಲದ ಬದು ಯಾವುದನ್ನೂ ಬಿಡದೆ ಒಡೆದು ತರುವುದು. ಉಳಿದ ದಿನ ಕಚೇರಿಯ ಕೆಲಸ ಮುಗಿಸಿ, ಆ ಕಲ್ಲುಗಳನ್ನು ಒಂದೊಂದಾಗಿ ಪೀಪಾಯಿಗೆ ಹಾಕುವುದು. ಮಳೆಗಾಲ ಹಿಡಿದಿತ್ತು. ಕಿಟಕಿ ಜೊತೆಗೆ ಬಾಗಿಲೂ ಮುಚ್ಚಿರುತ್ತಿತ್ತು. ನಮ್ಮೂರ ಕೆಂಪು ಕಲ್ಲು ಒಂದಾದ ಮೇಲೊಂದು ಹುಡಿಯಾಗಿ ಸೋತಿತು. ಆ ತಿಂಗಳುಗಳಲ್ಲಿ ಮಾವನವರ ಹುಬ್ಬು ಕೆಂಪಗಿರುತ್ತಿತ್ತು, ಕೆಮ್ಮಿದರೆ ಕರವಸ್ತ್ರವೂ ಕೆಂಪು. ನಾನು ಹೌಹಾರಿ ರಕ್ತವೆಂದುಕೊಂಡೆ. "ಇದು ನಿಮ್ಮೂರ ಮಣ್ಣವ್ವಾ, ಹೆದರಬ್ಯಾಡ" ಎಂದು ನಕ್ಕರು.

ಕೊನೆಗೆ ಊರ ಬಡಗಣ ಗುಡ್ಡದ ಬೆನ್ನಿನಲ್ಲಿ, ಕೆಂಪು ಕಲ್ಲಿನ ಅಡಿಯಲ್ಲಿ ಕರಿಕಲ್ಲು ಸಿಕ್ಕಿತು. ಅದು ಗೆದ್ದಿತು. ಮತ್ತೆ ಪರೀಕ್ಷಿಸಿದರೂ ಗೆದ್ದಿತು. ಮರುವರ್ಷ ಬೇಸಿಗೆಯಲ್ಲಿ ರಸ್ತೆಯಾಯಿತು. ಖಡಿ ಹೇರಿಕೊಂಡು ಊರಿಗೆ ಹೋದ ಮೊದಲ ಲಾರಿಯಲ್ಲಿ, ಅದೇ ಕರಿಕಲ್ಲಿನಲ್ಲಿ ಕಡೆಸಿದ ಹೊಸ ಒಳಕಲ್ಲು ನಮ್ಮವ್ವನ ಅಂಗಳಕ್ಕೆ ಇಳಿಯಿತು. ಆ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿಯನ್ನು ಹೆರಿಗೆಗೆ ಶಿರಸಿಗೆ ತಂದರು. ಹಳ್ಳದ ಇಳಿಜಾರಿನಲ್ಲಿ ಗಾಲಿ ನಿಲ್ಲಲಿಲ್ಲ. ಅವಳ ಜೊತೆ ಅವ್ವನೂ ಚಕ್ಕಡಿಯಲ್ಲಿ ಕೂತು ಬಂದಿದ್ದಳು.

ಮಾವನವರ ಕೆಮ್ಮು ಮಾತ್ರ ಹೋಗಲಿಲ್ಲ. ಮಳೆಯ ನೆಗಡಿ ಎಂದರು, ಆಮೇಲೆ ವಯಸ್ಸು ಎಂದರು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವಂತಾದಾಗ ನಾವು ಒತ್ತಾಯ ಮಾಡಿ ಹುಬ್ಬಳ್ಳಿಗೆ ಕರೆದೊಯ್ದೆವು. ಡಾಕ್ಟರರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, "ಏನು ಕೆಲಸ ಮಾಡತೀರಿ?" ಎಂದು ಕೇಳಿದರು. ಹೇಳಿದ ಮೇಲೆ ಚಿತ್ರದ ಚುಕ್ಕೆಗಳ ಮೇಲೆ ಪೆನ್ನು ಆಡಿಸಿದರು. "ಎದಿಯೊಳಗ ಕಲ್ಲಿನ ಹುಡಿ ಕೂತೈತ್ರಿ. ಕೆಂಪು ಕರೀ ಅಲ್ಲ, ಕಣ್ಣಿಗೆ ಕಾಣದಂಥಾ ಸಣ್ಣದು. ಹತ್ತಾರು ವರ್ಷದ್ದು. ಇದನ್ನ ತಗಿಯಾಕ ಬರೂದಿಲ್ಲ."

ಗಂಡ ಗೋಡೆಗೆ ಒರಗಿದರು. ನಾನು ಅಂದು ಕಿಟಕಿ ತೆಗೆದದ್ದು, ಅವರು ಹಾರಿ ಬಂದು ಮುಚ್ಚಿದ್ದು ಕಣ್ಣಮುಂದೆ ಬಂತು. ಹೇಗೆ ಇದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ? ವರ್ಷಕ್ಕೆ ಎಷ್ಟು ಕಲ್ಲು ತಿಂದೆವೆಂದು ತೂಗಿ ಹೇಳಿದ ಮನುಷ್ಯನಿಗೂ ಹೊಳೆಯಲಿಲ್ಲವಲ್ಲ.

ಮಾವನವರು ಚಿತ್ರವನ್ನು ಕೈಗೆ ತೆಗೆದುಕೊಂಡು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖ ನೋಡಿ ನನಗೆ ಡಾಕ್ಟರರ ಮಾತಿಗಿಂತ ದೊಡ್ಡ ಆಘಾತವಾಯಿತು. ಎಷ್ಟೋ ವರ್ಷದ ಮೇಲೆ ಕಳೆದ ವಸ್ತು ಸಿಕ್ಕವರ ಹಾಗೆ ಅವರು ನಗುತ್ತಿದ್ದರು.

"ನೋಡಿದ್ಯವ್ವಾ," ಎಂದರು. "ನನ್ನ ತಕ್ಕಡಿ ತಪ್ಪಿರಲಿಲ್ಲ."

ಅವರು ಮುಂದಿನ ಶ್ರಾವಣ ಕಾಣಲಿಲ್ಲ. ಕಡೆಯ ತಿಂಗಳುಗಳಲ್ಲಿ ಕಚೇರಿಯಿಲ್ಲ, ಪೀಪಾಯಿಯಿಲ್ಲ, ಕೂತಲ್ಲೇ ಉಸಿರಿಗಾಗಿ ಒದ್ದಾಟ. ಮಣ್ಣಿಗೆ ಒಯ್ಯುವ ಮುಂಚೆ ಸ್ನಾನ ಮಾಡಿಸುವಾಗ ನಾನೂ ನೀರು ಹಾಕಿದೆ. ಅಭ್ಯಾಸಬಲದಿಂದ ನನ್ನ ಕೈ ಅವರ ಹುಬ್ಬಿಗೆ ಹೋಯಿತು. ತಂಬಿಗೆ ತುಂಬ ಸುರಿದು ಹೆಬ್ಬೆರಳಿನಿಂದ ಉಜ್ಜಿದೆ, ಇನ್ನೊಂದು ತಂಬಿಗೆ ಸುರಿದು ಮತ್ತೆ ಉಜ್ಜಿದೆ. ಗಂಡ ನನ್ನ ಕೈ ಹಿಡಿದು, "ಸಾಕು ಬಿಡು, ಅದು ಹುಡಿ ಅಲ್ಲ" ಎಂದರು. ಹುಬ್ಬು ಬೆಳ್ಳಗೇ ಇತ್ತು.