ಮಾವಶಿಗೆ ಕೊಟ್ಟ ಸೀರೆ

ದೀಪಾವಳಿ ಬಂತೆಂದರೆ ಜನರಿಗೆ ಚಕ್ಕುಲಿ, ಕರ್ಜಿಕಾಯಿ ನೆನಪಾಗುತ್ತದೆ. ನನಗೆ ತಲೆನೋವು ಶುರುವಾಗುತ್ತದೆ. ಮಗಳು ನರ್ಸರಿಗೆ ಸೇರಿದ ವರ್ಷದಿಂದ ಟೀಚರಿಗೆ ಏನು ಕೊಡುವುದು ಎಂಬ ಹೊಸ ವ್ರತವೊಂದು ಈ ಹಬ್ಬಕ್ಕೆ ಅಂಟಿಕೊಂಡಿದೆ. ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ಪಾಪ ಮಾತ್ರ ಗ್ಯಾರಂಟಿ.

ಆ ವರ್ಷ ಶಾಲೆಯವರೇ ಒಂದು ಚೀಟಿ ಕಳಿಸಿದ್ದರು. ಯಾರೂ ಟೀಚರುಗಳಿಗೆ ಉಡುಗೊರೆ ಕೊಡಬಾರದು, ಕೊಟ್ಟರೆ ತೆಗೆದುಕೊಳ್ಳುವುದಿಲ್ಲ ಎಂದು. ಅಬ್ಬಾ, ಬದುಕಿದೆ ಅಂದುಕೊಂಡೆ. ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಚೀಟಿಗೆ ಕೈಮುಗಿದರು, ಹೆಬ್ಬೆರಳು ಎತ್ತಿದರು. ಅದಾಗಿ ಸ್ವಲ್ಪ ಹೊತ್ತಿಗೇ ಒಬ್ಬಳು, “ತೋ ಫಿರ್ ಕ್ಯಾ ದೇನಾ ಹೈ?” ಹಾಗಾದರೆ ಕೊಡುವುದೇನು ಅಂದಳು. ಮುಗಿಯಿತು. ಒಬ್ಬಳಿಗೆ ಸುವಾಸನೆಯ ಮೇಣದಬತ್ತಿ ಬೇಕು. ಇನ್ನೊಬ್ಬಳು ಟೀಚರಿಗೆ ಉಬ್ಬಸ ಇದೆ, ವಾಸನೆ ಆಗುವುದಿಲ್ಲ ಎಂದಳು. ಮತ್ತೊಬ್ಬಳಿಗೆ ಮಕ್ಕಳ ಮುಖ ಅಚ್ಚು ಹಾಕಿಸಿದ ಕಾಫಿ ಮಗ್ಗೇ ಆಗಬೇಕು. ಅಷ್ಟು ಮಕ್ಕಳ ಮುಖ ಒಂದು ಮಗ್ಗಿನ ಮೇಲೆ ಹಾಕಿದರೆ ಅದು ಕಾಣೆಯಾದವರ ಜಾಹೀರಾತಿನಂತೆ ಇರುತ್ತದೆ ಎಂದು ಬರೆದು, ಕಳಿಸದೆ ಅಳಿಸಿದೆ. ಆಫೀಸಿನಲ್ಲಿ ಮೀಟಿಂಗು ನಡೆಯುವಾಗಲೂ ಫೋನು ಗುರ್ ಗುರ್ ಎನ್ನುತ್ತಲೇ ಇತ್ತು. ಕಡೆಗೆ ಕುಂಡದಲ್ಲಿಟ್ಟ ಗಿಡ ಎಂದು ತೀರ್ಮಾನವಾಯಿತು. ಗಿಡ ಉಡುಗೊರೆಯಲ್ಲವಂತೆ, ಪರಿಸರವಂತೆ. ಸಾಕಪ್ಪಾ ಸಾಕು ಎಂದು ನಾನೂ ಹೆಬ್ಬೆರಳು ಎತ್ತಿದೆ.

ಟೀಚರ ಕತೆ ಹೇಗೋ ಮುಗಿಯಿತು. ನನ್ನ ನಿಜವಾದ ಚಿಂತೆ ಪಾಳಣಾಘರಿನದು.

ನಾವಿರುವ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆಗೆ ಪಾಳಣಾಘರ್ ಎನ್ನುತ್ತಾರೆ. ನಮ್ಮ ಓಣಿಯ ತುದಿಯ ಕಟ್ಟಡದ ಎರಡನೇ ಮಹಡಿಯಲ್ಲಿ ಅದನ್ನು ನಡೆಸುವ ಹೆಂಗಸನ್ನು ಮಕ್ಕಳೂ ದೊಡ್ಡವರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಅವರು ವಿಜಯಪುರದ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದವರು, ಮಕ್ಕಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಮಧ್ಯಾಹ್ನ ಶಾಲೆಯ ವ್ಯಾನು ಮಗಳನ್ನು ಅವರ ಗೇಟಿನಲ್ಲೇ ಇಳಿಸುತ್ತದೆ. ನಾನು ಸಿಎಸ್‌ಎಂಟಿಯಿಂದ ಲೋಕಲ್ಲಿನಲ್ಲಿ ನೇತಾಡಿಕೊಂಡು ಬರುವವರೆಗೆ ಅವಳು ಅಲ್ಲೇ. ಬೇರೆ ಪಾಳಣಾಘರುಗಳು ಏಳು ಗಂಟೆಗೆ ಬಾಗಿಲು ಹಾಕುತ್ತವೆ. ಒಂದು ನಿಮಿಷ ತಡವಾದರೂ ಮುಖ ಊದಿಸಿಕೊಂಡು ಮಗುವಿಗೆ ಚಪ್ಪಲಿ ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿರುತ್ತಾರೆ. ಈ ಮಾವಶಿ ಮಾತ್ರ ಗಾಡಿ ಎಷ್ಟೇ ತಡವಾದರೂ, “ಇರಲಿ ಬಿಡ್ರಿ ಯವ್ವಾ, ಅನ್ನಾ ಉಣಿಸೀನಿ” ಎಂದು ಬಿಡುವವರು. ನನ್ನ ಗಂಡನಿಗೆ ಕೋಪರಖೈರಣೆಯ ಹೋಟೆಲಿನಲ್ಲಿ ಮ್ಯಾನೇಜರ್ ಕೆಲಸ. ಹೋಟೆಲಿನವರಿಗೆ ಸಂಜೆ ಎಂಬುದೇ ಇಲ್ಲ. ಹಾಗಾಗಿ ಮಾವಶಿಯ ಮನೆಯಲ್ಲಿ ಜಾಗ ಇದ್ದರೆ ನನಗೆ ನೌಕರಿ ಇದೆ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟೇ.

ಆ ಜಾಗಕ್ಕೇ ಆಗ ಸಂಚಕಾರ ಬಂದಿತ್ತು. ಗದ್ದಲವಾಗುತ್ತದೆ ಎಂದು ಸೊಸೈಟಿಯವರು ತಕರಾರು ತೆಗೆದು, ಹತ್ತು ಮಕ್ಕಳಿಗಿಂತ ಒಂದೂ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದು ಮಾವಶಿಗೆ ತಾಕೀತು ಮಾಡಿದ್ದರು. ಎದುರಿಗೆ ಹೊಸ ಟವರ್ ಎದ್ದಿತ್ತು. ಅಲ್ಲಿಯ ತಾಯಂದಿರು ದಿನಾ ಬಂದು ಜಾಗ ಇದೆಯಾ ಎಂದು ಕೇಳುತ್ತಿದ್ದರು. ಅವರ ಮಕ್ಕಳನ್ನೆಲ್ಲ ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋಗುವವರಿದ್ದರು. ಹತ್ತರಲ್ಲಿ ಒಂದನ್ನು ಬಿಡಿಸಬೇಕೆಂದರೆ ಮಾವಶಿ ಯಾರನ್ನು ಬಿಡಿಸಿಯಾರು? ಪ್ರತಿದಿನ ತಡವಾಗಿ ಬರುವವಳ ಮಗುವನ್ನಲ್ಲದೆ? ಈ ದೀಪಾವಳಿಗೆ ಎಲ್ಲರಿಗಿಂತ ಒಂದು ಕೈ ಮೇಲಾಗುವಂಥದ್ದನ್ನೇ ಕೊಟ್ಟು ಜಾಗ ಭದ್ರ ಮಾಡಿಕೊಳ್ಳಬೇಕು ಎಂದು ನಿಶ್ಚಯಿಸಿದೆ. ಲಂಚ ಅನ್ನಿ, ನನಗೇನೂ ಬೇಸರವಿಲ್ಲ.

ಆದರೆ ಕೊಡುವುದೇನನ್ನು? ಗಂಡನನ್ನು ಕೇಳಿದರೆ, “ಹೋಟೆಲಿಂದ ಮೈಸೂರ್ ಪಾಕ್ ಕಟ್ಟಿಸ್ತೇನೆ ಮಾರಾಯ್ತಿ, ಅದಕ್ಕೆಂತ ಇಷ್ಟು ತಲೆ ಬಿಸಿ?” ಎಂದರು. ಈ ಮನುಷ್ಯನಿಗೆ ಮದುವೆ, ಮುಂಜಿ, ಸಾವು ಯಾವುದಕ್ಕೂ ಮೈಸೂರ್ ಪಾಕೇ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಗೆಳತಿಯರನ್ನು ಕೇಳಿದೆ. ಒಬ್ಬಳು ಸ್ಟೀಲಿನ ಡಬ್ಬಿಗಳ ಸೆಟ್ಟು ಎಂದಳು. ಹತ್ತು ಮಕ್ಕಳ ಮನೆಯಲ್ಲಿ ಡಬ್ಬಿಗಳಿಗೆ ಬರವೇ? ಇನ್ನೊಬ್ಬಳು ಒಣಹಣ್ಣಿನ ಪೊಟ್ಟಣ ಎಂದಳು. ಅದನ್ನು ಉಳಿದ ಒಂಬತ್ತು ತಾಯಂದಿರೂ ಕೊಡುತ್ತಾರೆ. ಸ್ಟೇಷನ್ನಿನ ಹೊರಗಿನ ಬಜಾರಿನಲ್ಲಿ ಆಫೀಸಿನ ಚೀಲ ಒಂದು ಹೆಗಲಿಗೆ, ತರಕಾರಿ ಇನ್ನೊಂದು ಕೈಗೆ ಹಿಡಿದು ಅಂಗಡಿ ಅಂಗಡಿ ಅಲೆದೆ. ಬಣ್ಣದ ಹಣತೆ ನೋಡಿದೆ, ಗೋಡೆ ಗಡಿಯಾರ ನೋಡಿದೆ, ಕಾಲು ಒತ್ತುವ ಮಷೀನನ್ನೂ ನೋಡಿದೆ. ಗೂಡುದೀಪ ಕೊಳ್ಳುವವರ ನೂಕುನುಗ್ಗಲಿನಲ್ಲಿ ಯಾರೋ ನನ್ನ ಕಾಲು ತುಳಿದು, ನನಗೇ ಬೈದು ಹೋದರು. ಬರಿಗೈಯಲ್ಲಿ ಮಾವಶಿಯ ಮನೆ ತಲುಪಿದಾಗ ಮಗಳು ನಿದ್ದೆ ಮಾಡಿಬಿಟ್ಟಿದ್ದಳು. ಉಡುಗೊರೆ ಹುಡುಕಲು ಹೋಗಿ ಆವತ್ತು ಇನ್ನಷ್ಟು ತಡವಾಗಿತ್ತು. ಯಾವ ಜನ್ಮದ ಕರ್ಮವಿದು ಎಂದು ಅವಳನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ.

ಸಿಟ್ಟಿನಲ್ಲಿ ಅಮ್ಮನಿಗೆ ಫೋನು ಹಚ್ಚಿದೆ. ಅಮ್ಮ ಇರುವುದು ಕುಂದಾಪುರದ ಹತ್ತಿರ. ಪೂರ್ತಿ ಪುರಾಣ ಕೇಳಿ ಅವಳೆಂದಳು:

“ಕಾಣ್ ಹೆಣೆ, ಆ ಡಬ್ಬಿ-ಗಿಬ್ಬಿ ಎಲ್ಲ ಕೊಡ್ಬೇಡ. ಮಗುನ್ನ ಸಾಕಿದವ್ಳಿಗೆ ಕೊಡುಕೆ ಒಂದ್ ಕ್ರಮ ಇತ್ತ್. ನೀ ಹುಟ್ಟಿದಾಗ ನಿನ್ನ ಎಣ್ಣೆ ಹಚ್ಚಿ ಮೀಸಿದ ಹೆಂಗ್ಸಿಗೆ ನಾನ್ ಎಂತ ಕೊಟ್ಟಿದ್ದೆ ಗೊತ್ತಾ? ಸೀರೆ, ರವಕೆ ಕಣ, ಕಾಯಿ, ಒಂದ್ ಸೇರು ಅಕ್ಕಿ. ಅರಶಿನ ಕುಂಕುಮ ಕೊಟ್ಟು, ನಿನ್ನ ಅವ್ಳ ಮಡಿಲಿಗೆ ಹಾಕಿ, ಕಾಲು ಮುಟ್ಟಿಸಿದ್ದೆ. ಅವ್ಳು ಬದುಕಿಪ್ಪಲ್ಲಿವರೆಗೆ ನಿನ್ನ ಹೆಸ್ರು ಹೇಳ್ತಿದ್ಲು.”

ನನಗೆ ಆ ಕ್ಷಣಕ್ಕೆ ಅಮ್ಮನ ಕಾಲು ಹಿಡಿಯಬೇಕು ಅನ್ನಿಸಿತು. ಇಷ್ಟು ದಿನ ಮಗ್ಗು, ಗಿಡ ಎಂದು ಒದ್ದಾಡಿದ್ದೆನಲ್ಲ, ಇಲ್ಲಿತ್ತು ಉತ್ತರ. ಮರುದಿನವೇ ಹೋಗಿ ಹಸಿರು ಅಂಚಿನ ಒಳ್ಳೆಯ ಇಳಕಲ್ ಸೀರೆ ತಂದೆ. ಅವರ ಊರ ಕಡೆಯದೇ ಇರಲಿ ಎಂದು.

ರಜೆಗೆ ಮುಂಚಿನ ಕಡೆಯ ಸಂಜೆ, ಬೇಕೆಂದೇ ಅರ್ಧ ದಿನ ರಜೆ ಹಾಕಿ ಹೋದೆ. ತಾಟಿನಲ್ಲಿ ಸೀರೆ, ಕಣ, ಎಲೆ ಅಡಿಕೆ, ಕಾಯಿ, ಅಕ್ಕಿ. ಮಾವಶಿಯನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿ ಉಡಿ ತುಂಬಿದೆ. ಮಗಳಿಂದ ಕಾಲು ಮುಟ್ಟಿಸಿದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಇದ್ದರೂ ಆಗುತ್ತಿತ್ತು. ಭಾಷಣ ಬೇರೆ ಮಾಡಿದೆ. “ಮಾವಶಿ, ನೀವು ನನ್ನ ಮಗಳಿಗೆ ಮಾಡಿದ್ದನ್ನ ನಾವು ಸಾಯುವವರೆಗೂ ಮರೆಯೋದಿಲ್ಲ. ನಿಮ್ಮ ಆಶೀರ್ವಾದ ಅವಳ ಮೇಲಿರಲಿ,” ಎಂದೆ.

ಮಾವಶಿ ಕಣ್ಣು ತುಂಬಿಕೊಂಡು ಮಗಳನ್ನು ಎದೆಗೆ ಒತ್ತಿಕೊಂಡರು. ಒಳಗೆ ಹೋಗಿ ಅವಳ ದಿಂಬು, ಚಾದರ, ಚಮಚ ಎಲ್ಲ ಒಂದು ಚೀಲಕ್ಕೆ ತುಂಬಿ ತಂದರು. ಮೇಲೊಂದು ಹೊಸ ಫ್ರಾಕು. ರಜೆಗೆ ಹಾಸಿಗೆ ಒಗೆಯಲು ಕೊಡುತ್ತಿದ್ದಾರೆ ಅಂದುಕೊಂಡೆ. “ಚಂದ ಇರ್ರಿ ಯವ್ವಾ,” ಎಂದಷ್ಟೇ ಹೇಳಿ ಬಾಗಿಲ ತನಕ ಬಂದರು. ಕೆಲಸ ಕೆಟ್ಟಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ಗೆದ್ದೆ ಎಂದು ಬೀಗುತ್ತಾ ಮನೆಗೆ ನಡೆದೆ. ಹಬ್ಬವನ್ನು ಎಂದೂ ಇಲ್ಲದ ನೆಮ್ಮದಿಯಿಂದ ಮಾಡಿದೆ. ಗಂಡ ತಂದ ಮೈಸೂರ್ ಪಾಕನ್ನೂ ಹೊಗಳಿ ತಿಂದೆ.

ದೀಪಾವಳಿಯ ಕೊನೆಯ ದಿನದ ಭಾವುಬೀಜ್ ಮುಗಿದು ಆಫೀಸು ತೆರೆದ ಸೋಮವಾರ ಶಾಲೆಗೆ ಇನ್ನೂ ರಜೆ. ಬೆಳಿಗ್ಗೆಯೇ ಮಗಳನ್ನು ಕರೆದುಕೊಂಡು ಮಾವಶಿಯ ಮನೆಗೆ ಹೋದೆ. ಬಾಗಿಲ ಹಿಂದೆ ಚೀಲ ತೂಗುಹಾಕುವ ಗೂಟಗಳಿವೆ, ಮಗುವಿಗೊಂದು. ನಮ್ಮ ಗೂಟದಲ್ಲಿ ಯಾರದೋ ಆನೆ ಚಿತ್ರದ ಚೀಲ. ನಮ್ಮ ಮೂಲೆಯಲ್ಲಿ ಯಾರದೋ ಗುಂಡನೆಯ ಮಗು ಕೂತು ಬಿಸ್ಕತ್ತು ತಿನ್ನುತ್ತಿತ್ತು.

ಮಾವಶಿ ನನ್ನನ್ನು ಕಂಡು ಗಾಬರಿಯಾದರು. “ಅಯ್ಯ, ಏನರೆ ಬಿಟ್ಟು ಹೋಗಿದ್ರೇನ್ರಿ ಯವ್ವಾ?”

“ಬಿಟ್ಟು ಹೋಗೋದಾ? ಮಗಳನ್ನ ಬಿಡೋಕೆ ಬಂದದ್ದು ಮಾವಶಿ! ಇದು ಯಾರ ಮಗು?”

“ನೀವು ಉಡಿ ತುಂಬಿ ಹೋದ್ರೆಲ್ಲ!”

“ತುಂಬಿದ್ರೆ?”

“ತುಂಬಿದ್ರೆ ಅಂದ್ರ? ನನ್ನ ಕಡೆ ಕೂಸು ಬಿಡಿಸ್ಕೊಂಡು ಹೋಗುವಾಗನ ಎಲ್ಲಾರೂ ಸೀರಿ ಕೊಟ್ಟು ಉಡಿ ತುಂಬ್ತಾರ್ರಿ. ಇರೂತನಕಾ ಮಿಠಾಯಿ ಡಬ್ಬಿ, ಹೋಗುವಾಗ ಸೀರಿ. ಮ್ಯಾಲೆ ನೀವು ಮರೆಯೂದಿಲ್ಲ, ಆಶೀರ್ವಾದ ಇರಲಿ ಅಂತ ಅಂದ್ರಿ. ಹೋಗವ್ರನ್ನ ಯಾಕ ಅಂತ ಕೇಳಬಾರ್ದು ಅಂತ ನಾ ಸುಮ್ನಾದೆ. ಎದುರಿನ ಟವರಿನವ್ರಿಗೆ ಜಾಗಾ ಕೊಟ್ಟೀನಿ. ಆಕಿ ಕೂಸು ಬಿಟ್ಟು ಆಗಲೇ ಡ್ಯೂಟಿಗೆ ಹೋದ್ಲು. ದವಾಖಾನಿ ನರ್ಸು ಆಕಿ.”

ನನಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ಮೆಟ್ಟಿಲ ಬಳಿ ಬಂದು ಅಮ್ಮನಿಗೇ ಫೋನು ಮಾಡಿ ಕೂಗಾಡಿದೆ.

“ಅಯ್ಯೋ ಹೆಣೆ!” ಎಂದಳು ಅಮ್ಮ. “ಆ ಹೆಂಗ್ಸಿಗೆ ನಾನ್ ಕೊಟ್ಟದ್ದು ಬಾಣಂತನ ಮುಗ್ಸಿ ಅವ್ಳು ಹೋಪ ಹೊತ್ತಿಗೆ! ನಡುವಲ್ಲಿ ಯಾರಾದ್ರೂ ಕೊಡ್ತ್ರಾ?”

“ಅದನ್ನ ಆವತ್ತೇ ಹೇಳಬಾರದಿತ್ತಾ?”

“ನೀ ಕೇಂಡ್ಯಾ?”

ಫೋನು ಇಟ್ಟೆ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ, ಅದೂ ಅರಶಿನ ಕುಂಕುಮ ಹಚ್ಚಿ. ಹೊರಗೆ ಹಾಕುತ್ತಾರೆ ಎಂದು ಹೆದರಿ ನಾನೇ ಮಂಗಳವಾದ್ಯದ ಸಮೇತ ಹೊರಗೆ ಬಂದಿದ್ದೆ. ಗಾಡಿಯ ಹೊತ್ತು ಮೀರುತ್ತಿತ್ತು. ಬಾಸಿಗೆ ಏನು ಹೇಳುವುದು? ಉಡಿ ತುಂಬಿದ್ದಕ್ಕೆ ರಜೆ ಬೇಕು ಎಂದೇ? ಮಗುವನ್ನು ಹಿಡಿದುಕೊಂಡು ಆ ಮೆಟ್ಟಿಲ ಮೇಲೆ ನಿಂತಾಗ ಅಳು ಬಂತು. ಸಿಟ್ಟಿನ ಅಳು, ಮೂಗಿನಲ್ಲೆಲ್ಲ ಇಳಿಯುವಂಥದ್ದು.

ಇತ್ತ ಮಗಳಿಗೆ ಈ ರಗಳೆ ಯಾವುದೂ ತಲೆಗೆ ಹೋಗಿರಲಿಲ್ಲ. ನನ್ನ ಕೈ ಬಿಡಿಸಿಕೊಂಡು, ಚಪ್ಪಲಿ ಕಳಚಿ, “ಮಾವಶೀ, ಭೂಕ್ ಲಾಗ್ಲಿ,” ಹಸಿವಾಯಿತು ಎನ್ನುತ್ತಾ ಸೀದಾ ಒಳಗೆ ಹೋಗಿ ಅವರ ಕಾಲು ತಬ್ಬಿದಳು. ಬೆಳಿಗ್ಗೆ ಮನೆಯಲ್ಲಿ ದೋಸೆಯನ್ನು ಮುಟ್ಟದೆ ಹಟ ಮಾಡಿದವಳು ಇವಳೇ.

ಮಾವಶಿ ಅಲ್ಲೇ ಹೊಸ್ತಿಲಲ್ಲಿ ಕುಸಿದು ಕೂತರು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

“ಹಬ್ಬದಾಗ ಒಂದ ಹೋಳಿಗಿ ಬಾಯಾಗ ಇಟ್ಟಿಲ್ಲ ಯವ್ವಾ,” ಎಂದರು. “ಎಷ್ಟ ಕೂಸು ಹೋದ್ವು ಇಲ್ಲಿಂದ. ಎಲ್ಲಾ ಕಾಲು ಮುಟ್ಟಿ, ಬರ್ತೀವಿ ಮಾವಶಿ ಅಂತ ಹೇಳೇ ಹೋಗ್ತಾವ. ಒಂದರೆ ತಿರುಗಿ ಬಂದೈತೇನು? ಇದೊಂದ ಬಂತು ನೋಡು.”

“ಬಂತು ಸರಿ ಮಾವಶಿ, ಜಾಗ ಎಲ್ಲಿದೆ? ಸೊಸೈಟಿಯವರು ಸುಮ್ಮನಿರ್ತಾರಾ?”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಮಂದಿ ಕೂಸು ಹತ್ತಕ್ಕಿಂತ ಹೆಚ್ಚಿಗಿ ಇಡಬ್ಯಾಡ ಅಂದಾರ. ಮೊಮ್ಮಕ್ಕಳನ್ನ ಇಡಬ್ಯಾಡ ಅಂದಿಲ್ಲ. ಕೇಳಿದ್ರ ಮೊಮ್ಮಗಳು ಅಂತೀನಿ. ಮಾವಶಿ ಅನ್ನೂದು ಬಿಡಿಸು, ಇವತ್ತಿಂದ ಆಯಿ ಅಂತ ಕರೀಲಿ. ನಮ್ಮ ಕಡೆ ಅಜ್ಜಿಗೆ ಹಂಗ ಅಂತಾರ.”

ಅವರು ನನ್ನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ. ನಾನು ಥ್ಯಾಂಕ್ಸು, ಉಪಕಾರ ಎಂದೆಲ್ಲ ಮತ್ತೆ ಭಾಷಣಕ್ಕೆ ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

“ಹೋಗು, ಗಾಡಿ ತಪ್ಪತೈತಿ. ಮತ್ತ ಒಂದ ಮಾತು ಕೇಳು. ಇನ್ನ ಮ್ಯಾಲೆ ನನಗ ಏನೂ ಕೊಡಬ್ಯಾಡ. ನೀ ಕೊಟ್ರ ನನಗ ಅಂಜಿಕಿ ಬರ್ತೈತಿ.”