ದೂರ ನಿಂತ ಚುಕ್ಕಿಗಳು

ಸೇಡಂನಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದಾಗ ನನ್ನ ಕೈಯಲ್ಲಿ ಒಂದು ಗಂಟು, ಹೆಗಲಿಗೊಂದು ಲ್ಯಾಪ್‌ಟಾಪ್. ಗಂಟಿನಲ್ಲಿ ಹೈದರಾಬಾದಿನ ಅಕ್ಕನಿಗೆ ಅವ್ವ ಕಳಿಸಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಲ್ಯಾಪ್‌ಟಾಪಿನಲ್ಲಿ ನಾನು ಕಾಲೇಜಿನಿಂದ ಕಾಲೇಜಿಗೆ ಅಲೆದು ಕೂಡಿಸಿದ ಮಾಹಿತಿ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ. ಈಗ ಪಿಎಚ್.ಡಿ. ಕೊನೆಯ ಹಂತ. ತರಗತಿಗೆ ಹೆಚ್ಚು ಬಂದ ಮಕ್ಕಳು ಹೆಚ್ಚು ಅಂಕ ಪಡೆಯುತ್ತಾರೆಯೇ ಎಂಬುದು ನನ್ನ ವಿಷಯ. ಪಡೆಯುತ್ತಾರೆ ಎಂದು ಮಾರ್ಗದರ್ಶಕರಿಗೆ ಮೊದಲೇ ಖಾತ್ರಿ. ‘ಹೈದರಾಬಾದಿನ ಅಮೀರ್‌ಪೇಟೆಗೆ ಹೋಗಿ ವಿಶ್ಲೇಷಣೆ ಮುಗಿಸಿಕೊಂಡು ಬಾ, ಈ ತಿಂಗಳೇ ಪ್ರಬಂಧ ಸಲ್ಲಿಸು’ ಎಂದಿದ್ದರು. ತಡವಾದಷ್ಟೂ ನಾನು ಅತಿಥಿ ಉಪನ್ಯಾಸಕಿಯಾಗಿಯೇ ಉಳಿಯಬೇಕು.

ತಾಂಡೂರಿನಲ್ಲಿ ಹಾಸುಗಲ್ಲಿನ ರಾಶಿ, ವಿಕಾರಾಬಾದಿನಲ್ಲಿ ತುಂತುರು ಮಳೆ. ಬೇಗಂಪೇಟೆಯಲ್ಲಿ ಇಳಿದಾಗ ಬಿಸಿಲು. ಸನತ್‌ನಗರದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಶಾಂತಕ್ಕ ಅರ್ಧ ದಿನದ ರಜೆ ಹಾಕಿ ಸ್ಟೇಷನ್ನಿಗೇ ಬಂದಿದ್ದಳು. ಮರುದಿನವೂ ರಜೆ ಹಾಕಿ, ನಾನು ಓದುವುದೇನೆಂದು ಒಮ್ಮೆಯಾದರೂ ನೋಡಬೇಕೆಂದು ಅಮೀರ್‌ಪೇಟೆಗೆ ಹೊರಟಳು.

ಬಸ್ಸಿನಲ್ಲಿ ಅಕ್ಕ ಆಧಾರ್ ಕಾರ್ಡು ತೋರಿಸಿ, ಇಲ್ಲಿಯ ಹೆಂಗಸರಿಗೆ ಕೊಡುವ ಬಿಟ್ಟಿ ಟಿಕೆಟ್ ಪಡೆದಳು. ನನ್ನ ಕಾರ್ಡು ಕರ್ನಾಟಕದ್ದು, ದುಡ್ಡು ಕೊಡಬೇಕಾಯಿತು.

“ನಾ ಇಲ್ಲಿಯಾಕಿ, ನೀ ಪಾವ್ಣಿ. ತಗಿ ರೊಕ್ಕ,” ಎಂದು ನಕ್ಕಳು.

“ಸೇಡಮ್‌ಗೆ ಬಾ. ಅಲ್ಲಿ ನಂದು ಬಿಟ್ಟಿ, ನಿಂದು ರೊಕ್ಕ.”

ಟಿಫಿನ್ ಸೆಂಟರಿನ ಮೇಲಿನ ಎರಡು ಕೋಣೆಗಳೇ ಆ ಕಚೇರಿ. ಸಂಶೋಧನೆ ಮಾಡುವವರ ಮಾಹಿತಿಯನ್ನು ವಿಶ್ಲೇಷಿಸಲು ಅಲ್ಲಿ ನೆರವಾಗುತ್ತಾರೆ. ಕೆಳಗಿನಿಂದ ದೋಸೆಯ ವಾಸನೆ ಬರುತ್ತಿತ್ತು. ನಡೆಸುವವರು ಸುಧಾ ಮೇಡಂ. ಅವರ ಅಜ್ಜ ರಾಯಚೂರಿನಿಂದ ಇಲ್ಲಿಗೆ ನೌಕರಿಗೆ ಬಂದವರಂತೆ. ನಮ್ಮ ಮಾತು ಕೇಳಿ ಮೇಡಂ ಮುಖ ಅರಳಿತು. “ಬರ್ರಿ, ಕೂಡ್ರಿ. ಮನಿ ಹೊರಗ ಕನ್ನಡ ಮಾತಾಡ್ಲಿಕ್ಕೆ ಯಾರೂ ಸಿಗಂಗಿಲ್ಲ ನೋಡ್ರಿ.”

ಅವರು ಕೀಲಿಮಣೆಯನ್ನು ನನ್ನ ಕಡೆಗೇ ತಳ್ಳಿದರು. ನಾಳೆ ಉತ್ತರ ಹೇಳಬೇಕಾದವರು ನೀವು, ನೀವೇ ಒತ್ತಿರಿ ಎಂದರು. ಒತ್ತಿದೆ. ಪರದೆಯ ಮೇಲೆ ಚುಕ್ಕಿಗಳು ಹರಡಿದವು. ಒಂದೊಂದು ಚುಕ್ಕಿ ಒಬ್ಬೊಬ್ಬ ವಿದ್ಯಾರ್ಥಿ. ಬಹಳಷ್ಟು ಒಂದು ಗೆರೆಯ ಸುತ್ತ ಮುತ್ತಿಕೊಂಡಿದ್ದವು. ಕೆಲವು ಮಾತ್ರ ಎಡಗಡೆ ಮೇಲೆ, ದೂರ.

“ಇವ್ಯಾಕ ಒಂಟಿ ನಿಂತಾವು?” ಅಕ್ಕ ಕೇಳಿದಳು.

“ಹಾಜರಿ ಕಡಿಮಿ, ಅಂಕ ಜಾಸ್ತಿ,” ಎಂದರು ಮೇಡಂ. “ಇವ್ರಿಂದನ ನಿಮ್ಮ ಸರ್ ಹೇಳಿದ ಮಾತು ಗಟ್ಟಿ ನಿಲ್ಲವಲ್ದು. ತಗದ್ರ ನಿಲ್ತದ. ಆದ್ರ ತಗೀಲಿಕ್ಕೆ ಕಾರಣ ಬರೀಬೇಕಾಗ್ತದ್ರಿ.”

ಕೆಳಗಿಳಿದು ಮಾರ್ಗದರ್ಶಕರಿಗೆ ಫೋನು ಮಾಡಿದೆ. “ತಪ್ಪು ಮಾಹಿತಿ ಅಂತ ಬರೆದು ತೆಗೆದುಬಿಡು. ಇಟ್ಟುಕೊಂಡರೆ ಎರಡು ಅಧ್ಯಾಯ ಹೊಸದಾಗಿ ಬರೀಬೇಕು, ಇನ್ನಾರು ತಿಂಗಳು. ನಿನ್ನಿಷ್ಟ,” ಎಂದು ಇಟ್ಟರು.

ಮಾಹಿತಿ ತಪ್ಪಾಗಿರಲಿಲ್ಲ. ಪ್ರಶ್ನೆಗಳ ಹಾಳೆಯಲ್ಲಿ ಹೆಸರು ಬರೆಸಿಕೊಂಡಿರಲಿಲ್ಲ, ಆದರೂ ಒಬ್ಬಿಬ್ಬರ ಗುರುತು ನನಗೆ ಸಿಕ್ಕಿತ್ತು. ತೊಗರಿ ಬೇಳೆ ಮಿಲ್ಲಿನಲ್ಲಿ ದುಡಿಯುತ್ತ, ಪರೀಕ್ಷೆ ಹತ್ತಿರ ಬಂದಾಗಷ್ಟೇ ಕಾಲೇಜಿಗೆ ಬರುತ್ತಿದ್ದ ಹುಡುಗಿ. ಕಂಕುಳಲ್ಲಿ ಕೂಸು ಹೊತ್ತುಕೊಂಡೇ ನನಗೆ ಉತ್ತರ ಹೇಳಿದ ಇನ್ನೊಬ್ಬಳು.

ಮೇಲೆ ಬಂದು ಅಕ್ಕನಿಗೆ ಹೇಳಿದೆ. “ತಗದ ಬಿಡು,” ಎಂದಳು ಅವಳು. “ಅವರಿಗೇನ ಗೊತ್ತಾಕೈತಿ? ನೀ ಲಗೂ ಡಾಕ್ಟರ್ ಆಗು. ಭಾಳ ದಿನಾ ಆತು, ಕಾಯಾಕತ್ತೀನಿ.”

“ಅಕ್ಕಾ, ನಾ ಹತ್ತಿ ಬಿಡಸಾಕ ಹೋಗಿ ಹಾಜರಿ ಕಡಿಮಿ ಬಿತ್ತಲ್ಲ, ಆಗ ಪ್ರಿನ್ಸಿಪಾಲರು ಏನಂದಿದ್ರು?”

“ಹೆಸರು ತಗೀತೀನಿ ಅಂದಿದ್ರು.”

“ನೀ ಏನ ಮಾಡಿದಿ?”

ಏಳನೆಯ ತರಗತಿಗೆ ಶಾಲೆ ಬಿಟ್ಟ ಅಕ್ಕ ಆ ದಿನ ಇಲ್ಲಿಂದಲೇ ರೈಲು ಹತ್ತಿ ಬಂದು, ಪ್ರಿನ್ಸಿಪಾಲರ ಬಾಗಿಲಲ್ಲಿ ಸಂಜೆಯವರೆಗೆ ನಿಂತಿದ್ದಳು. ಹೆಸರು ಉಳಿಯಿತು. ಅದಕ್ಕೇ ನಾನು ಈ ಕುರ್ಚಿಯಲ್ಲಿ ಕೂತಿದ್ದೆ.

ಅವಳು ಪರದೆಯ ಹತ್ತಿರ ಬಾಗಿ, ದೂರದ ಚುಕ್ಕಿಯೊಂದನ್ನು ಬೆರಳಿನಿಂದ ಮುಟ್ಟಿದಳು. “ಇರಲಿ ಬಿಡ್ರಿ ಮೇಡಂ. ಕೂಡ್ಲಿ, ಇವರೂ.”

ಮೇಡಂ ನಕ್ಕು, ಕೆಳಗಿನಿಂದ ಮೂರು ಚಹಾ ತರಿಸಿದರು. ಸಂಜೆಯವರೆಗೂ ಕೂತು, ಹೊಸ ಅಧ್ಯಾಯಗಳಿಗಾಗಿ ಇಂಥ ಮಕ್ಕಳನ್ನು ಏನೇನು ಕೇಳಬೇಕೆಂದು ಬರೆದುಕೊಂಡೆ. ಹೊರಡುವಾಗ ಮಾರ್ಗದರ್ಶಕರಿಗೆ ಸಂದೇಶ ಕಳಿಸಿದೆ: ಆರು ತಿಂಗಳು ಬೇಕು ಸರ್.

ಬೇಗಂಪೇಟೆ ಸ್ಟೇಷನ್ನಿನಲ್ಲಿ ಅಕ್ಕ ಒಂದು ಪೊಟ್ಟಣ ಕೊಟ್ಟಳು. ಹಸಿರು ಇಳಕಲ್ ಸೀರೆ. ನಾನು ಪಿಎಚ್.ಡಿ.ಯ ಕೊನೆಯ ಸಂದರ್ಶನಕ್ಕೆ ಉಡಲೆಂದು ಮೊದಲೇ ತಂದಿಟ್ಟಿದ್ದಳಂತೆ.

“ಈಗ್ಯಾಕ? ಇನ್ನಾ ಆರು ತಿಂಗಳೈತಿ.”

“ನುಸಿಗುಳಿಗಿ ಹಾಕಿ ಇಡು. ಸೀರಿ ಏನ್ ಓಡಿ ಹೋಕೈತೇನು?”

ರೈಲು ಹೊರಟಿತು. ಬಾಗಿಲಿನಿಂದ ತಿರುಗಿ ನೋಡಿದೆ. ಮಂದಿಯೆಲ್ಲ ಮೆಟ್ಟಿಲ ಕಡೆ ಸರಿದುಹೋಗಿದ್ದರು. ಪ್ಲಾಟ್‌ಫಾರ್ಮಿನ ಈ ತುದಿಯಲ್ಲಿ ಅಕ್ಕ ಒಬ್ಬಳೇ, ಕೈ ಎತ್ತಿ ನಿಂತಿದ್ದಳು. ಚುಕ್ಕಿಯಷ್ಟಾಗುವವರೆಗೂ ಕಂಡಳು.